ಯಾರೂ ಬರೆಯದ ತೂಕದ ಚೀಟಿ

ದೆವ್ವ, ಗಾಳಿ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದುರಿಗಿದ್ದವರು ಹಿರಿಯರೋ ಕಿರಿಯರೋ ನೋಡದೆ ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ನಂಬುತ್ತೇನೆಂದು ತಿಳಿಯಬೇಡಿ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ, ರಾತ್ರಿಯೂ ಅಲ್ಲ, ಹಾಡಹಗಲಿನಲ್ಲಿ ನನ್ನ ಕಣ್ಣೆದುರೇ ನಡೆದದ್ದೊಂದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ನೆನೆದಾಗಲೆಲ್ಲ ಹೆದರಿಕೆಯಾಗುವುದಿಲ್ಲ, ಸಿಟ್ಟು ಬರುತ್ತದೆ.

ಆಗ ನಾನು ಪಾಂಡವಪುರದಿಂದ ದಿನಾ ಬಸ್ಸು ಹತ್ತಿ ಸಂತೆಬಾಚಹಳ್ಳಿಯ ಆಚೆಗಿದ್ದ ಒಂದು ಸಣ್ಣ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಅದು ಈಗ ಇಲ್ಲ. ಅಲ್ಲಿನ ಕಂಪ್ಯೂಟರುಗಳಿಗೆಲ್ಲ ನಾನೊಬ್ಬನೇ ಯಜಮಾನ. ಕಬ್ಬಿನ ಗಾಡಿ ಬಂದರೆ ತೂಕದ ಕೋಣೆಯ ಗುಮಾಸ್ತ ಜವರಪ್ಪ ರೈತನ ಹೆಸರನ್ನು ತನ್ನ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದ. ಆ ಹೆಸರು ತಂತಿಯ ಮೂಲಕ ನನ್ನ ಕೋಣೆಯ ಸರ್ವರಿಗೆ ಬಂದು ದಾಖಲಾದ ಮೇಲೆಯೇ ಅವನ ಪ್ರಿಂಟರಿನಿಂದ ಚೀಟಿ ಹೊರಡುತ್ತಿತ್ತು. ಚೀಟಿ ಇಲ್ಲದ ಗಾಡಿ ತೂಕಕ್ಕೆ ಹತ್ತುವಂತಿರಲಿಲ್ಲ. ತೀರಾ ತುರ್ತಾದರೆ ಕೈಬರಹದ ಚೀಟಿಗೆ ನಾನು ಸಹಿ ಹಾಕಬಹುದಿತ್ತು. ಒಂದು ದಿನವೂ ಹಾಕಿರಲಿಲ್ಲ. ಹಾಕಿದರೆ ನನ್ನ ಸರ್ವರು ಕೆಟ್ಟಿತೆಂದು ನಾನೇ ಬರೆದುಕೊಟ್ಟ ಹಾಗಲ್ಲವೇ?

ಆ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಸರ್ವರು ಎದ್ದಿತು, ಅದರೊಳಗೆ ಹೆಸರು ದಾಖಲಿಸಿಕೊಳ್ಳುವ ಡೇಟಾಬೇಸು ಮಾತ್ರ ಏಳಲಿಲ್ಲ. ಡೇಟಾಬೇಸು ಶುರುವಾಗುವಾಗ ಹೊರಗಿನವರ ಮಾತು ಕೇಳಿಸಿಕೊಳ್ಳಲು ಒಂದು ನಂಬರಿನ ಬಾಗಿಲು ಹಿಡಿಯಬೇಕು. ಅದಕ್ಕೆ ಪೋರ್ಟು ಎನ್ನುತ್ತಾರೆ. ಆ ಪೋರ್ಟನ್ನು ಆಗಲೇ ಬೇರೆ ಯಾರೋ ಹಿಡಿದಿದ್ದಾರೆ ಎನ್ನುತ್ತಿತ್ತು ಪರದೆ. ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಟವೆಲು ಯಾರದಪ್ಪಾ ಎಂದು ಹುಡುಕಿದರೆ ಯಾರೂ ಇಲ್ಲ! ಒಂದೊಂದೇ ಪ್ರೋಗ್ರಾಮು ನಿಲ್ಲಿಸಿದೆ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಮತ್ತೆ ಅದೇ ದರಿದ್ರ ಸಾಲು. ಮಧ್ಯಾಹ್ನವಾಯಿತು, ಊಟವಿಲ್ಲ, ಹೊರಗೆ ಗಾಡಿಗಳ ಸಾಲು ರಸ್ತೆ ಮುಟ್ಟಿತು. ತಲೆ ಕೆಟ್ಟು ಕೀಬೋರ್ಡನ್ನು ಮೇಜಿಗೆ ಕುಕ್ಕಿದೆ.

ಅಷ್ಟರಲ್ಲಿ ಜವರಪ್ಪ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಆಗತಾನೇ ಗಾಡಿ ಹೊಡೆದುಕೊಂಡು ಬಂದವಳು, ಸಾಲಿನಲ್ಲಿ ಕೊನೆಯವಳು. ಹೆಸರು ಭಾಗ್ಯಮ್ಮ.

“ನಮ್ಮೆಜಮಾನ್ರು ಜ್ವರ ಬಂದು ಮಲ್ಗವ್ರೆ ಸಾ. ಮಗೀಗೆ ಮೂರು ತಿಂಗ್ಳು, ಪಕ್ಕದ್ಮನೇಲಿ ಬುಟ್ಬಂದಿವ್ನಿ. ಮೇಲಾಲು ಕುಡ್ಸುದ್ರೆ ಕಕ್ಬುಡ್ತದೆ. ಒಸಿ ಬೇಗ ಕಳ್ಸ್ಕೊಡಿ, ನಿಮ್ಮ ದಮ್ಮಯ್ಯ.”

“ಕೈಲೇ ಬರ್ದ್ಬುಡ್ತೀನಿ, ಒಂದು ಸೈನಾಕ್ಬುಡಿ ಸಾ, ಪಾಪ,” ಎಂದ ಜವರಪ್ಪ.

ಅವಳ ರವಿಕೆ ಎದೆಯ ಮೇಲೆ ಒದ್ದೆಯಾಗಿತ್ತು. ಬೆವರಲ್ಲ, ಹಾಲು. ನೋಡಿದೆ, ನೋಡದವನಂತೆ ಪರದೆಯ ಕಡೆ ತಿರುಗಿಕೊಂಡೆ.

“ಸರಿ ಮಾಡ್ತಾ ಇಲ್ವೇನಯ್ಯಾ ನಾನು? ಹತ್ತು ನಿಮಿಷ ಸುಮ್ನಿರು, ಪ್ರಾಣ ತಿನ್ಬೇಡ!” ಎಂದು ಕಿರುಚಿದೆ. ಆ ಹತ್ತು ನಿಮಿಷ ಎರಡು ಗಂಟೆಯಷ್ಟು ಉದ್ದವಾಯಿತು. ಅವಳು ಎತ್ತುಗಳ ಪಕ್ಕ ಬಿಸಿಲಿನಲ್ಲೇ ನಿಂತಿದ್ದಳು.

ಯಾವ ಪೋರ್ಟಿಗೆ ಎಲ್ಲಿಂದ ಯಾರು ಬಂದಿದ್ದಾರೆಂದು ತೋರಿಸುವ ಒಂದು ಪಟ್ಟಿ ಇರುತ್ತದೆ. ಬೆಳಿಗ್ಗೆಯಿಂದ ಖಾಲಿಯಿದ್ದ ಪಟ್ಟಿಯಲ್ಲಿ ಆಗ ಒಂದು ಸಾಲು ಕಂಡಿತು. ತೂಕದ ಕೋಣೆಯ ಕಂಪ್ಯೂಟರು! ಇದೆಲ್ಲ ಜವರಪ್ಪನದೇ ಕಿತಾಪತಿ ಎಂದು ಉರಿದುಕೊಂಡು ಓಡಿದೆ. ನೋಡಿದರೆ ಅವನ ಕಂಪ್ಯೂಟರು ಆಫ್ ಆಗಿತ್ತು. ಕರೆಂಟು ಹೋದಾಗಿನಿಂದ ಮುಟ್ಟೇ ಇಲ್ಲವೆಂದು ಆಣೆಯಿಟ್ಟ. ನಾನು ನಂಬಲಿಲ್ಲ. ಸರ್ವರಿನಿಂದ ಅದರ ಹಿಂಬದಿಗೆ ಬಂದಿದ್ದ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

ಆಗ ಪ್ರಿಂಟರು ಕರಕರ ಸದ್ದು ಮಾಡಿ ಒಂದು ಚೀಟಿಯನ್ನು ಹೊರಕ್ಕೆ ತಳ್ಳಿತು. ಭಾಗ್ಯಮ್ಮ. ಅವಳ ಊರು. ಒಂದು ಎತ್ತಿನ ಗಾಡಿ. ಅವಳು ಬರುವುದಕ್ಕೆ ಎಷ್ಟೋ ಹೊತ್ತು ಮೊದಲೇ ಎಲ್ಲ ನಿಂತುಹೋಗಿತ್ತು. ಅವಳ ಹೆಸರನ್ನು ಯಾರೂ ಟೈಪು ಮಾಡಿರಲಿಲ್ಲ.

“ಬಂತಲ್ಲಾ ಸಾ!” ಎಂದ ಜವರಪ್ಪ ನನ್ನ ಕೈಯಲ್ಲಿದ್ದ ತಂತಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಪ್ರಿಂಟರಿನಿಂದ ಚೀಟಿ ಹರಿದುಕೊಂಡು ಅವಳಿಗೆ ಕೊಟ್ಟ. ಮಗುವಿನ ವಿಷಯ ಎಲ್ಲರಿಗೂ ತಿಳಿದಿತ್ತು. ಮುಂದಿದ್ದ ಗಾಡಿಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಾನು ವಾಪಸ್ಸು ಬಂದಾಗ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ. ಡೇಟಾಬೇಸು ಒಂದೇ ಸಲಕ್ಕೆ ಎದ್ದಿತು. ಹುಡುಕಿದರೆ ಭಾಗ್ಯಮ್ಮನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆದರೆ ಮುಂದಿನ ಚೀಟಿಯ ನಂಬರು ಅವಳ ಚೀಟಿಯ ನಂತರದ್ದೇ ಆಗಿತ್ತು. ಆಮೇಲೆ ತಿಳಿದವರನ್ನೆಲ್ಲ ಕೇಳಿದ್ದೇನೆ. ಪ್ರಿಂಟರಿನ ನೆನಪಿನಲ್ಲಿ ಸಿಕ್ಕಿಕೊಂಡಿದ್ದಿರಬೇಕು ಎಂದರು. ಯಾರೂ ಟೈಪು ಮಾಡದ ಹೆಸರು ಅದರ ನೆನಪಿಗೆ ಹೇಗ್ರೀ ಬಂತು ಎಂದರೆ ನಗುತ್ತಾರೆ. ನಗಲಿ, ಅವರದೇನು ಗಂಟು ಹೋಗಬೇಕು!

ಕಬ್ಬು ಇಳಿಸಿ ಹೊರಟವಳು ನನ್ನ ಕಿಟಕಿಯ ಹತ್ತಿರ ಗಾಡಿ ನಿಲ್ಲಿಸಿದಳು. “ನೀವು ಬರ್ಕೊಟ್ಟಿದ್ಕೆ ಆಯ್ತು ಸಾ. ನಿಮ್ಮ ಮಕ್ಳುಮರಿ ತಣ್ಣಗಿರ್ಲಿ,” ಎಂದು ಕೈಮುಗಿದಳು.

ನಾನಲ್ಲಮ್ಮ ಎನ್ನಬೇಕಿತ್ತು. ಹೂಂ ಎಂದು ತಲೆಯಾಡಿಸಿದೆ. ಆ ಚೀಟಿ ಬರೆದವರು ಯಾರೋ ಇವತ್ತಿಗೂ ಗೊತ್ತಿಲ್ಲ. ಬರೆಯದೆ ಕೂತಿದ್ದವನು ಯಾರೆಂದು ಮಾತ್ರ ಗೊತ್ತು.