ಬಾಗಿಲಿಗೆ ಅಡ್ಡ

ನಮ್ಮ ಯಜಮಾನರಿಗೆ ಫೋಟೋಗ್ರಫಿ ಚೆನ್ನಾಗಿ ಬರುತ್ತದೆ ಎಂದು ಅಮೆರಿಕದ ಬೇ ಏರಿಯಾದ ಕನ್ನಡದವರೆಲ್ಲ ನಂಬಿದ್ದರು. ಹಾಗೆ ನಂಬಲು ಕಾರಣ ಕ್ಯಾಮೆರಾ ದೊಡ್ಡದಿತ್ತು, ಅಷ್ಟೇ. ಎಂಬತ್ತರ ದಶಕದ ಮೊದಲಲ್ಲಿ ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೂರಲು ನೆಟ್ಟಗೆ ಒಂದು ಸೋಫಾ ಇರಲಿಲ್ಲ. ಆದರೆ ಲೆನ್ಸುಗಳಿದ್ದವು, ಟ್ರೈಪಾಡಿತ್ತು, ಸ್ಲೈಡು ತೋರಿಸುವ ಪ್ರೊಜೆಕ್ಟರು ಊಟದ ಮೇಜಿನ ಅರ್ಧ ಭಾಗ ಹಿಡಿದು ಕೂತಿತ್ತು. ಅದನ್ನು ಒರೆಸಿಡುವ ಕೆಲಸ ನನ್ನದು. ಮುಟ್ಟಿ ನಡೆಸುವ ಹಾಗಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಿದವಳು. ಮದುವೆಯಾಗಿ ಬಂದ ಮೇಲೆ ವೀಸಾದ ದೆಸೆಯಿಂದ ಕೆಲಸಕ್ಕೆ ಹೋಗುವಂತಿರಲಿಲ್ಲ. ಗ್ರೀನ್ ಕಾರ್ಡು ಬರಲಿ ಎಂದು ಕಾಯುತ್ತಾ, ಸಾರು ಕುದಿಸುತ್ತಾ, ಕಲಿತದ್ದೆಲ್ಲ ಮರೆತುಹೋಗುತ್ತದೇನೋ ಎಂಬ ಭಯದಲ್ಲಿ ವರ್ಷಗಳನ್ನು ತಳ್ಳಿದೆ. ಕಾಲೇಜಿನಲ್ಲಿ ನನಗೆ ಹುಚ್ಚು ಹಿಡಿಸಿದ್ದು ಜಾರ್ಜಿಯನ್ ಮನೆಗಳು. ಇಂಗ್ಲೆಂಡು, ಐರ್ಲೆಂಡುಗಳಲ್ಲಿ ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರ ಹಿಂದೊಬ್ಬರು ಆಳಿದ ಕಾಲದವು. ಗೋಡೆ ಸಪಾಟು. ಮೇಲಿನ ಮಹಡಿಗೆ ಹೋದ ಹಾಗೆ ಕಿಟಕಿಗಳು ಗಿಡ್ಡವಾಗುತ್ತವೆ. ಎಲ್ಲಿಯೂ ಆಡಂಬರವಿಲ್ಲ, ಇರುವ ಚೆಂದವನ್ನೆಲ್ಲ ಒಟ್ಟುಮಾಡಿ ಮುಂಬಾಗಿಲಿಗೆ ಸುರಿದಿರುತ್ತಾರೆ. ಎರಡು ಪಕ್ಕ ಗೋಡೆಗೆ ಅಂಟಿದ ಕಂಬ, ನೆತ್ತಿಯ ಮೇಲೆ ಬೀಸಣಿಗೆ ಬಿಚ್ಚಿಟ್ಟ ಹಾಗೆ ಅರ್ಧ ವೃತ್ತದ ಗಾಜು. ಪುಸ್ತಕದ ಮಸುಕು ಚಿತ್ರಗಳಲ್ಲಿ ನೋಡಿಯೇ ಮನಸ್ಸು ಸೋತಿತ್ತು.

ಇವರ ಅಕ್ಕನ ಮನೆ ಡಬ್ಲಿನ್ನಿನಲ್ಲಿತ್ತು. ಊರಿಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದುಕೊಂಡೆವು, ನನ್ನ ಕಾಟ ತಡೆಯಲಾರದೆ ಅಂಥ ಮನೆಗಳಿಗೇ ಹೆಸರಾದ ಇಂಗ್ಲೆಂಡಿನ ಬಾತ್ ಊರಿಗೂ ಕರೆದುಕೊಂಡು ಹೋದರು. ಟ್ರೈಪಾಡು ಹೊತ್ತವಳು ನಾನು.

ಡಬ್ಲಿನ್ನಿನ ಒಂದು ಬೀದಿಯಲ್ಲಿ ಕೆಂಪು ಬಾಗಿಲು, ಕಡುನೀಲಿ ಬಾಗಿಲು, ಹಳದಿ ಬಾಗಿಲು ಸಾಲಾಗಿ ನಿಂತಿದ್ದವು. ನಾನು ಟ್ರೈಪಾಡು ಕೆಳಗಿಟ್ಟೆ.

"ರೀ, ಬಾಗಿಲನ್ನಷ್ಟೇ ಒಂದು ತೆಗೀರಿ. ಮೇಲಿನ ಗಾಜೂ ಬರೋ ಹಾಗೆ," ಎಂದೆ.

"ಬರೀ ಬಾಗ್ಲು ಯಾರಿಗ್ ಬೇಕೇ? ಪೋಸ್ಟ್‌ಕಾರ್ಡಲ್ಲಿ ಸಿಗತ್ತೆ. ನೀನ್ ಹೋಗು, ಆ ಕಂಬಕ್ಕೆ ಒರಗ್ಕೊಂಡ್ ನಿಂತ್ಕೋ. ಊರಲ್ಲಿ ತೋರ್ಸೋಕ್ ಬೇಡ್ವಾ?"

"ಹಾಗಾದ್ರೆ ಕ್ಯಾಮೆರಾ ನನ್ ಕೈಗೆ ಕೊಡಿ."

"ನಿಂಗೆ ಫೋಕಸ್ಸೆಲ್ಲ ಬರಲ್ಲ."

ನಮ್ಮ ಜನರ ನಿಯಮವೇ ಅದು. ಮನುಷ್ಯರಿಲ್ಲದ ಫೋಟೋ ಎಂದರೆ ಫಿಲ್ಮು ದಂಡ. ತಾಜಮಹಲಿರಲಿ, ಗೋಲ್ಡನ್ ಗೇಟ್ ಇರಲಿ, ಹೊಸ ಫ್ರಿಜ್ಜೇ ಇರಲಿ, ಮುಂದೆ ಹೆಂಡತಿ ನಿಂತಿರಬೇಕು. ನೋಡುವುದಕ್ಕಲ್ಲ ಇವರು ಫೋಟೋ ತೆಗೆಯುವುದು, ಹೋಗಿದ್ದೆವು ಎಂದು ಸಾಕ್ಷಿ ಹೇಳುವುದಕ್ಕೆ. ಸೀರೆಯ ಮೇಲೆ ಕೋಟು ಹಾಕಿಕೊಂಡು ಪ್ರತಿ ಬಾಗಿಲಿಗೂ ಹೋಗಿ ನಿಂತೆ. ಇವರು ಬೆಳಕು ಅಳೆದು, ಲೆನ್ಸು ತಿರುಗಿಸಿ, ಹಿಂದೆ ಮುಂದೆ ನಡೆದು, ಮತ್ತೆ ಬೆಳಕು ಅಳೆಯುತ್ತಿದ್ದರು. ನಾನು ಪಕ್ಕಕ್ಕೆ ಸರಿದ ಮೇಲೆ ಬಾಗಿಲನ್ನೂ ತೆಗೆಯಿರಿ ಎಂದು ಗೋಗರೆದರೆ "ಆಯ್ತು, ಆಯ್ತು" ಎನ್ನುವರು.

ತೆಗೆದಿರಲಿಲ್ಲ. ಅದು ಗೊತ್ತಾದದ್ದು ವಾಪಸು ಬಂದು ಮನೆಯಲ್ಲಿ ಸ್ಲೈಡ್ ಶೋ ಇಟ್ಟ ದಿನ. ಗೋಡೆಗೆ ಬಿಳಿ ಹಾಸು, ನೆಲದ ಮೇಲೆ ಕೂತ ಸಂಸಾರಗಳು, ಪೇಪರ್ ಪ್ಲೇಟಿನಲ್ಲಿ ಬಿಸಿಬೇಳೆಬಾತು. ಒಂದಾದ ಮೇಲೊಂದು ನಾನೇ ಬಂದೆ. ಬಾಗಿಲನ್ನು ಮರೆಮಾಡಿ ನಿಂತ ನಾನು. ನನ್ನ ತಲೆಯಿಂದ ಒಂದು ಗೇಣು ಮೇಲಕ್ಕೆ ಫೋಟೋ ಮುಗಿದುಹೋಗಿತ್ತು. ಗಾಜಿನ ಬೀಸಣಿಗೆ ಒಂದರಲ್ಲೂ ಇರಲಿಲ್ಲ. "ಏನ್ ಕ್ಲಾರಿಟಿ ಸಾರ್," ಎಂದರು ಉಡುಪಿಯ ಡಾಕ್ಟರು. ಅವರ ಹೆಂಡತಿ ನನ್ನ ಸೀರೆಯ ಅಂಚು ಮೆಚ್ಚಿಕೊಂಡರು. ಆ ಕೋಣೆಯಲ್ಲಿ ಇದ್ದಷ್ಟು ಡಿಗ್ರಿಗಳಲ್ಲಿ ಒಂದಕ್ಕೂ, ನನ್ನ ಹಿಂದೆ ಏನೋ ಇದೆ ಎಂದು ಹೊಳೆಯಲಿಲ್ಲ.

ಗ್ರೀನ್ ಕಾರ್ಡು ಬಂದ ಮೇಲೆ ಆಫೀಸುಗಳನ್ನು ಅಲೆದೆ. ಓದು ಮುಗಿಸಿ ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿ ಎಲ್ಲರೂ ನಯವಾಗಿ ಕಳಿಸಿಕೊಟ್ಟರು. ಕೊನೆಗೆ ಉಳಿದದ್ದು ಪಾಲೋ ಆಲ್ಟೋದ ಒಂದು ಸಣ್ಣ ಆಫೀಸು. ಇಲ್ಲೂ ಆಗದಿದ್ದರೆ ಓದನ್ನು ಟ್ರಂಕಿಗೆ ಹಾಕಿ ಬೀಗ ಜಡಿಯುವುದು ಎಂದು ನಿಶ್ಚಯಿಸಿದ್ದೆ. ಅದರ ಯಜಮಾನ ವಯಸ್ಸಾದ ಅಮೆರಿಕನ್. ಮೆನ್ಲೋ ಪಾರ್ಕಿನ ಹಿಂದಿನ ಗುಡ್ಡದಲ್ಲಿ ಯಾವನೋ ಹಣವಂತನಿಗೆ ಜಾರ್ಜಿಯನ್ ಮನೆ ಬೇಕಾಗಿತ್ತಂತೆ. ಹಿತ್ತಲಲ್ಲಿ ಈಜುಕೊಳ, ಮುಂದೆ ಡಬ್ಲಿನ್ನಿನ ಬಾಗಿಲು. ದುಡ್ಡಿದ್ದವರ ರುಚಿ ಎಲ್ಲ ದೇಶದಲ್ಲೂ ಒಂದೇ. ಅಂಥ ಬಾಗಿಲನ್ನು ಆಫೀಸಿನಲ್ಲಿ ಯಾರೂ ಹತ್ತಿರದಿಂದ ಕಂಡಿರಲಿಲ್ಲ. ನಾನು ಕಂಡಿದ್ದೇನೆ, ಸ್ಲೈಡುಗಳಿವೆ ಎಂದುಬಿಟ್ಟೆ.

ಮರುದಿನ ಆತ ಕತ್ತಲು ಮಾಡಿ ಸ್ಲೈಡು ಹಾಕಿದ. ಒಂದು ನೋಡಿದ, ಇನ್ನೊಂದು ನೋಡಿದ, ಬಾಗಿಲು ಎಲ್ಲಿ ಎಂದ. ನನಗೆ ಭೂಮಿಗಿಳಿದು ಹೋಗುವಷ್ಟು ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಮಿಲ್ಪಿಟಾಸಿನಲ್ಲಿದ್ದ ಗಂಡನ ಮೇಲೆ ಸಿಟ್ಟು ಬಂತು. ಆತ ಪ್ರೊಜೆಕ್ಟರು ಆರಿಸಹೋದವನು ತಡೆದು, ಎಲ್ಲದರಲ್ಲೂ ನಿನ್ನ ಕೈ ಯಾಕೆ ಬೆನ್ನ ಹಿಂದಿದೆ ಎಂದು ಕೇಳಿದ.

ನಾನೂ ಆಗಲೇ ಗಮನಿಸಿದ್ದು. ಇದ್ದದ್ದು ಹೇಳಿದೆ. ಫೋಟೋ ತೆಗೆಯುವವರು ಬಹಳ ಹೊತ್ತು ನಿಲ್ಲಿಸುತ್ತಿದ್ದರು, ತಿರುಗಿ ನೋಡಿದರೆ ಬೈಯುತ್ತಿದ್ದರು, ಅದಕ್ಕೆ ಬೆರಳಿನಲ್ಲಿ ನೋಡುತ್ತಿದ್ದೆ ಎಂದೆ.

ಆತ ದೀಪ ಹಾಕಿ, ಟ್ರೇಸಿಂಗ್ ಪೇಪರು ಹರಡಿ, ಪೆನ್ಸಿಲು ಕೊಟ್ಟ. ಕಂಬದ ಉದ್ದಗೀರುಗಳು ಎಷ್ಟು ಆಳ, ಎರಡು ಗೀರುಗಳ ನಡುವೆ ಎಷ್ಟು ಅಗಲದ ಪಟ್ಟಿ, ಬಾಗಿಲ ಹಲಗೆಯ ಅಂಚು ಎಲ್ಲಿ ಉಬ್ಬಿ ಎಲ್ಲಿ ತಗ್ಗುತ್ತದೆ, ಬಣ್ಣದ ಮೇಲೆ ಬಣ್ಣ ಬಿದ್ದು ಮೂಲೆಗಳು ಹೇಗೆ ಮೊಂಡಾಗಿವೆ, ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೆದೆ. ತಲೆಯ ಮೇಲಿನ ಗಾಜನ್ನು ಕಣ್ಣಿನ ನೆನಪಿನಿಂದ ಬರೆದೆ. ಆತ ಸ್ಕೇಲಿಟ್ಟು ನೋಡಿ, ಸೋಮವಾರ ಬಾ ಎಂದ.

ಆಮೇಲಿನ ಊಟಗಳಲ್ಲೆಲ್ಲ ಇವರದು ಒಂದೇ ರಾಗ. "ನನ್ ಸ್ಲೈಡ್ಸ್ ನೋಡೇ ಇವ್ಳಿಗ್ ಕೆಲ್ಸ ಕೊಟ್ಟಿದ್ದು." ಡಾಕ್ಟರು ಯಾವ ಲೆನ್ಸು ಎಂದು ವಿಚಾರಿಸಿದರು. ಅಲ್ಲಿ ನಾನು ಏನು ಬರೆದೆ ಎಂದು ಇವರು ಒಮ್ಮೆಯೂ ಕೇಳಲಿಲ್ಲ.

ಮುಂದಿನ ವರ್ಷ ಗುಡ್ಡದ ಮನೆಗೆ ಬಾಗಿಲು ಕೂತಿತು. ಯಾರೂ ಇನ್ನೂ ವಾಸಕ್ಕೆ ಬಂದಿರಲಿಲ್ಲ; ಕೀ ಆಫೀಸಿನಲ್ಲಿತ್ತು, ಕೇಳಿ ತಂದುಕೊಂಡೆ. ಒಂದು ಭಾನುವಾರ ಇವರನ್ನು ಕರೆದುಕೊಂಡು ಹೋಗಿ, "ಇದು ನಾನು ಬರೆದದ್ದು," ಎಂದೆ. ಇವರು ಕ್ಯಾಮೆರಾ ಹೊರಗೆ ತೆಗೆದು, ಕಣ್ಣಿಗೆ ಹಿಡಿದು, "ಹೋಗಿ ನಿಂತ್ಕೋ," ಎಂದರು.

ನಾನು ಮೆಟ್ಟಿಲು ಹತ್ತಿ, ಬೀಗ ತೆಗೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಫೋಟೋಗೆ ಬರಲು ಬಾಗಿಲು ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಗಾಜಿನಿಂದ ಇಳಿದ ಬೆಳಕಿನಲ್ಲಿ ನಿಂತು, ಸಾಕಷ್ಟು ಸಮಯ ಕೊಟ್ಟು ಹೊರಗೆ ಬಂದೆ.

ಆ ರೋಲು ಡೆವಲಪ್ ಆಗಿ ಬಂದಾಗ ನೋಡಿದರೆ, ಇವರು ಹಿಂದಕ್ಕೆ ತಿರುಗಿ ನಮ್ಮ ಕಾರಿನ ಫೋಟೋ ತೆಗೆದಿದ್ದರು.