ಬರೆದವರ ಹೆಸರು ಉಳಿಸಿದಾಕೆ

ಬೆಳಗಿನ ಆರೂವರೆ. ಹಾಲ್ವರ್ಡ್ ನೀರುಮಂಡಳಿಯ ಕಚೇರಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ಆಫ್ಕೆ ವೀರ್ಸ್ಮಾ ಒದ್ದೆ ಮಳೆಯಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕಾಫಿ ಯಂತ್ರದ ಗುಂಡಿ ಒತ್ತಿ, ಕಂಪ್ಯೂಟರಿನ ಮುಂದೆ ಕೂರುತ್ತಾರೆ. ತಂತ್ರಾಂಶ ಹೊತ್ತು ತಂದ ಪುಟಗಳು ಸಾಲಾಗಿ ಕಾದಿವೆ. ಹಳೆಯದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟುಕೊಂಡು, ಅಕ್ಕಿ ಆರಿಸುವವರ ಹಾಗೆ ಒಂದೊಂದನ್ನೇ ನೋಡತೊಡಗುತ್ತಾರೆ.

ಕಾಲುವೆ, ಕಟ್ಟೆ, ಮಳೆನೀರನ್ನು ಎತ್ತಿ ಹೊರಹಾಕುವ ಪಂಪುಮನೆಗಳ ಬಗ್ಗೆ ಮಂಡಳಿಯ ನೌಕರರು ಬರೆದಿಟ್ಟದ್ದೆಲ್ಲ ಎಲ್ಲರೂ ಓದಿ ತಿದ್ದಬಹುದಾದ ಒಂದು ತಾಣದಲ್ಲಿದೆ. ಆ ತಾಣದ ಆವೃತ್ತಿ ಹಳತಾಗಿದೆ. ಎಲ್ಲವೂ ಹೊಸ ಆವೃತ್ತಿಗೆ ಹೋಗಬೇಕು. ಸಾಗಿಸುವ ತಂತ್ರಾಂಶವನ್ನು ಓಡಿಸಿ, ಅದು ಬೀಳಿಸಿ ಬಂದದ್ದನ್ನು ಹೆಕ್ಕುವುದು ಆಫ್ಕೆಯವರ ಕೆಲಸ. “ನನಗೆ ಫೋನ್ ಬಂತು ಅಂದ್ರೆ ಏನೋ ಕಳೆದುಹೋಗಿದೆ ಅಂತಾನೇ ಅರ್ಥ,” ಎಂದು ನಗುತ್ತಾರೆ.

ಹೋದ ವಸಂತದಲ್ಲಿ, ಪರೀಕ್ಷೆಗೆಂದು ಸಾಗಿಸಿದ ಮೊದಲ ಕಂತಿನಲ್ಲೇ ಒಂದು ಪುಟ ಅವರನ್ನು ತಡೆದು ನಿಲ್ಲಿಸಿತ್ತು. ‘ಎರಡನೇ ಪಂಪು ತಡವರಿಸಿದರೆ ಏನನ್ನೂ ಬಿಚ್ಚಬೇಡಿ. ಮೊದಲು ನನಗೆ ಫೋನ್ ಮಾಡಿ.’ ಕೆಳಗೆ, ಬರೆದವರು: ಆಫ್ಕೆ ವೀರ್ಸ್ಮಾ. ಅವರು ಅದನ್ನು ಬರೆದೇ ಇರಲಿಲ್ಲ.

ನಿವೃತ್ತರಾದವರು ಹೊಸ ತಾಣಕ್ಕೆ ಅಪರಿಚಿತರು. ಪರಿಚಯವಿಲ್ಲದ ಕಡೆಯೆಲ್ಲ ತಂತ್ರಾಂಶ ತನ್ನನ್ನು ಓಡಿಸುವವರ ಹೆಸರನ್ನೇ ಹಾಕಿಬಿಟ್ಟಿತ್ತು.

“ಬರೆದದ್ದು ಬಂತಲ್ಲ, ಹೆಸರು ಕಟ್ಕೊಂಡು ಏನ್ ಮಾಡ್ತೀಯಮ್ಮ?” ಎಂದರಂತೆ ಮೇಲಧಿಕಾರಿ ಡೌವೆ. “ಅವರೆಲ್ಲ ಮನೇಲಿ ಮೊಮ್ಮಕ್ಕಳನ್ನ ಆಡಿಸ್ತಿದಾರೆ.”

“ಆಡಿಸ್ಲಿ ಬಿಡು. ಫೋನ್ ಎತ್ತೋಕೆ ಒಂದು ಕೈ ಬಿಡುವಿರತ್ತೆ.”

ಡೌವೆ ನಕ್ಕು ಬೇಸಿಗೆಯವರೆಗೆ ಸಮಯ ಕೊಟ್ಟರು. ಯಾವ ಗುರುತು ಯಾರದೆಂದು ಹೇಳಿಕೊಟ್ಟರೆ ತಂತ್ರಾಂಶ ಪಾಲಿಸುತ್ತದೆ. ಆದರೆ ಹಳೆಯ ತಾಣದಲ್ಲಿ ಬರೆದವರ ಹೆಸರಿನ ಬದಲು ಇದ್ದದ್ದು ಎರಡು ಮೂರು ಅಕ್ಷರಗಳ ಗುರುತುಗಳಷ್ಟೇ. ಆಫ್ಕೆ ಹಳಬರಿಗೆ ಫೋನ್ ಮಾಡುತ್ತ ಹೋದರು. ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಒಂದು ಮನೆಯಲ್ಲಿ ಹೆಂಡತಿ ಮಾತಾಡಿದರು: “ಅವರು ತೀರಿಕೊಂಡ್ರಲ್ಲ. ಅವರು ಬರೆದದ್ದನ್ನ ಇನ್ನೂ ಓದ್ತೀರಾ?”

“ದಿನಾ ಓದ್ತೀವಿ,” ಎಂದರು ಆಫ್ಕೆ.

‘ನನಗೆ ಫೋನ್ ಮಾಡಿ’ ಎಂದು ಬರೆದಿದ್ದವರು ಗೆರ್ಬೆನ್ ಹೋಟ್ಸ್ಮಾ, ಪಂಪುಮನೆಯಲ್ಲೇ ಕೂದಲು ನರೆತವರು. ಆಫ್ಕೆ ಅವರನ್ನು ಕೇಳಿಯೇ, ಅವರ ಹೆಸರಿನ ಪಕ್ಕ ಅವರ ಹೊಸ ಫೋನ್ ನಂಬರನ್ನೂ ಸೇರಿಸಿದರು.

ನವೆಂಬರಿನ ಒಂದು ಬೆಳಿಗ್ಗೆ, ವಾಯವ್ಯದ ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿದ್ದಾಗ ಎರಡನೇ ಪಂಪು ತಡವರಿಸತೊಡಗಿತು. ಪಾಳಿಯಲ್ಲಿದ್ದವಳು ಕೆಲಸಕ್ಕೆ ಹೊಸಬಳಾದ ನೀನ್ಕೆ. ಕಾಲುವೆ ಏರುತ್ತಿದೆ, ತಗ್ಗಿನ ಬೀದಿಯ ಜನ ಬಾಗಿಲಿಗೆ ಮರಳುಚೀಲ ಇಡುತ್ತಿದ್ದಾರೆ. ಪುಟ ತೆರೆದು, ಹೆಸರು ನೋಡಿ ಫೋನ್ ಮಾಡಿದಳು.

“ಫೋನನ್ನ ಪಂಪಿನ ಹತ್ರ ಹಿಡಿ, ಸದ್ದು ಕೇಳ್ತೀನಿ,” ಎಂದರು ಗೆರ್ಬೆನ್. ಕೇಳಿ, “ಪಂಪಿಗೇನೂ ಆಗಿಲ್ಲ ಕಣಮ್ಮ. ಹೊರಗೆ ನೀರಿನ ಮಟ್ಟ ಅಳೆಯೋ ಕೊಳವೆಗೆ ಪಾಚಿ ಕಟ್ಟಿದೆ. ನೀರಿಲ್ಲ ಅಂತ ಅದು ಸುಳ್ಳು ಹೇಳ್ತಿದೆ, ಪಂಪು ನಂಬ್ತಿದೆ. ತೊಳಿ.”

ತೊಳೆದಳು. ಪಂಪು ಒಂದೇ ಸಮ ಓಡಿತು. ಮಧ್ಯಾಹ್ನದ ಹೊತ್ತಿಗೆ ಕಾಲುವೆ ಇಳಿಯಿತು. ಯಾರ ಮನೆಗೂ ನೀರು ನುಗ್ಗಲಿಲ್ಲ.

ಮರುದಿನ ನೀನ್ಕೆ ಕಿತ್ತಳೆ ಕೇಕ್ ಹಿಡಿದು ಕಚೇರಿಗೆ ಬಂದಳು. “ಹೆಸರು ಉಳಿಸಿದ್ದು ನೀವಂತೆ. ಗೆರ್ಬೆನ್ ಹೇಳಿದ್ರು.”

“ನನ್ನನ್ನ ಹುಡುಕಿಕೊಂಡು ಬಂದು ಥ್ಯಾಂಕ್ಸ್ ಅಂದವಳು ಇವಳೊಬ್ಬಳೇ,” ಎನ್ನುತ್ತ ಆಫ್ಕೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಪಂಪುಮನೆ ತೋರಿಸುತ್ತೇನೆಂದು ಕರೆದಿದ್ದಾಳಂತೆ. ಇಷ್ಟು ವರ್ಷ ಇಲ್ಲಿ ದುಡಿದೂ ಆಫ್ಕೆ ಒಮ್ಮೆಯೂ ಅದರೊಳಗೆ ಹೋದವರಲ್ಲ.

“ಪಂಪು ಓಡೋವಾಗಲೇ ನೋಡ್ಬೇಕು ಅಂತ ಆಸೆ. ಅದಕ್ಕೆ ಮಳೆ ಬರ್ಬೇಕು. ಜಾಸ್ತಿ ಬೇಡಪ್ಪ, ಒಂಚೂರು ಬಂದ್ರೆ ಸಾಕು.”