ಸೂಜಿಯ ವಂಶದ ಗಾಡಿ

ವೇದಾವತಿಗೆ ಸವತಿ ಅಂತ ಯಾರಾದರೂ ಇದ್ದರೆ ಅದು ಗಂಡ ತ್ರಿವಿಕ್ರಮನ ಹಳೆಯ ಎನ್‌ಫೀಲ್ಡ್ ಬೈಕು. ಸಿಡ್ನಿಯ ಪೆಂಡಲ್ ಹಿಲ್ಲಿನ ಬಾಡಿಗೆ ಫ್ಲ್ಯಾಟಿನಲ್ಲಿ ಅದು ಬಿಡಿಬಿಡಿಯಾಗಿ ಮಂಚದ ಕೆಳಗೆ ಮಲಗಿತ್ತು. 2007ರಲ್ಲಿ ಮೆಲ್ಬರ್ನಿಗೆ ಬಂದು ಟ್ರುಗನಿನಾದಲ್ಲಿ ಮನೆ ಕೊಂಡ ಮೇಲೆ, ಮೈಕೈ ಕೂಡಿಸಿಕೊಂಡು ಗ್ಯಾರೇಜಿನ ನಟ್ಟನಡುವೆ ದೊರೆಯ ಹಾಗೆ ನಿಂತಿತು.

ವೇದಾವತಿಯ ಹೊಲಿಗೆ ಮಿಷನ್ನಿಗೆ ಸಿಕ್ಕಿದ್ದು ಮಲಗುವ ಕೋಣೆಯ ಮೂಲೆ. ಮೈಸೂರಿನಲ್ಲಿ ಸ್ವಂತ ಟೈಲರಿಂಗ್ ಅಂಗಡಿ ನಡೆಸಿದವಳು ಅವಳು. ಇಲ್ಲಿ ಬ್ಲೌಸಿನ ಅಳತೆ ಕೊಡಲು ಬಂದವರನ್ನು ಮಂಚದ ಅಂಚಿನಲ್ಲಿ ಕೂರಿಸಿ, ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದಳು. ಗ್ಯಾರೇಜ್ ಕೊಡಿ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ‘ನಿನ್ನ ಟೈಮ್‌ಪಾಸ್‌ಗೆ ಗ್ಯಾರೇಜಾ?’ ಎಂದುಬಿಟ್ಟರೆ? ಆ ಮಾತನ್ನು ಅವಳು ತಾಳುತ್ತಿರಲಿಲ್ಲ.

ತ್ರಿವಿಕ್ರಮ ಒಳ್ಳೆಯವನೇ. ಆದರೆ ಬೈಕಿನ ವಂಶಾವಳಿ ಶುರುಮಾಡಿದನೆಂದರೆ ಬ್ರೇಕೇ ಇಲ್ಲ. ಒಂದು ಭಾನುವಾರ ಊಟಕ್ಕೆ ಬಂದಿದ್ದ ಗೆಳೆಯರು ಅವನ ಕೈಗೆ ಸಿಕ್ಕಿಬಿದ್ದರು. ವೇದಾವತಿ ಕಿಟಕಿಯ ಬಿಸಿಲಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು.

“ಇಂಗ್ಲೆಂಡಲ್ಲಿ ರೆಡಿಚ್ ಅಂತ ಊರು. ಈ ಕಂಪನಿಯ ಮೂಲದವರು ಅಲ್ಲಿ ಏನ್ ಮಾಡ್ತಿದ್ರು ಹೇಳಿ? ಸೂಜಿ! ಬಟ್ಟೆ ಹೊಲಿಯೋ ಸೂಜಿ! ಆಮೇಲೆ ಸೈಕಲ್ ಪಾರ್ಟ್ಸು, ಬಂದೂಕಿನ ಪಾರ್ಟ್ಸು. ನೈನ್‌ಟೀನ್ ನಾಟ್ ಒನ್‌ನಲ್ಲಿ ಮೋಟಾರ್ ಸೈಕಲ್!”

ಕೇಳುತ್ತ ಕೇಳುತ್ತ ಅವಳ ರೆಪ್ಪೆ ಭಾರವಾಯಿತು. ಮಂಜು ಕವಿದ ಯಾವುದೋ ಊರು, ಹೊಳೆಯುವ ಸೂಜಿಗಳ ರಾಶಿ. ಒಂದೊಂದೇ ಸೂಜಿ ಉದ್ದಕ್ಕೆ ಬೆಳೆದು ಚಕ್ರದ ಕಡ್ಡಿಯಾಯಿತು. ಚಕ್ರ ತಾನಾಗಿ ಉರುಳಿತು, ಅದು ಹೋದ ದಾರಿಯುದ್ದಕ್ಕೂ ಕೆಂಪು ದಾರದ ಹೊಲಿಗೆ ಬಿತ್ತು. ಸೂಜಿ ಮಾಡುವ ಹೆಂಗಸರು ತಲೆಯೆತ್ತಿ ಅವಳನ್ನು ನೋಡಿ, ಸರಿದು ಜಾಗ ಕೊಟ್ಟರು. ಅದೆಷ್ಟು ಹಿತವಾಗಿತ್ತೆಂದರೆ, ಎಚ್ಚರವಾದಾಗ ಅವಳಿಗೆ ಅಳು ಬಂತು.

“ರೀ, ಹಾಗಾದ್ರೆ ಸೂಜಿನೇ ದೊಡ್ಡೋಳು ತಾನೇ?” ಎಂದಳು, ಎಲ್ಲರೆದುರೇ.

“ಮತ್ತೆ! ಬೈಕಿಗೆ ಅಜ್ಜಿ ಆಗ್ಬೇಕು!” ಎಂದ ತ್ರಿವಿಕ್ರಮ ಹುಮ್ಮಸ್ಸಿನಲ್ಲಿ.

“ಅಜ್ಜಿನ ಮೂಲೇಲಿ ಕೂರ್ಸಿ, ಮೊಮ್ಮಗ ಗ್ಯಾರೇಜ್ ತುಂಬಾ ಕಾಲು ಚಾಚ್ಕೊಂಡಿದಾನಲ್ರೀ. ನನಗೆ ಆ ಗ್ಯಾರೇಜ್ ಬೇಕು. ನಂದು ಟೈಮ್‌ಪಾಸ್ ಅಲ್ಲ, ಕೆಲಸ.”

ಗೆಳೆಯರು ಬಿದ್ದುಬಿದ್ದು ನಕ್ಕರು. ತ್ರಿವಿಕ್ರಮ ನಗಲಿಲ್ಲ. ಅರ್ಧ ಮೆಲ್ಬರ್ನಿಗೆ ಹೇಳಿಕೊಂಡು ಬಂದ ಕಥೆ, ಈಗ ಇಲ್ಲವೆನ್ನುವುದು ಹೇಗೆ? ಎದ್ದು ಹೋದ. ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಬೈಕು ಹಿತ್ತಲಿಗೆ ಹೋಗಿ ಟಾರ್ಪಾಲು ಹೊದ್ದುಕೊಂಡಿತು. ಮಿಷನ್ನನ್ನು ಅವನೇ ಹೊತ್ತು ತಂದಿಟ್ಟ.

ಮುಂದಿನ ಶನಿವಾರ ಸ್ಪ್ಯಾನರ್ ಹುಡುಕಿಕೊಂಡು ಬಂದವನು ಗ್ಯಾರೇಜಿನ ಬಾಗಿಲಲ್ಲೇ ನಿಂತ. ಒಳಗೆ ಅವಳು ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು.

“ವೇದಾ, ಒಳಗೆ ಬರಬಹುದಾ?”

ಮದುವೆಯಾದಾಗಿನಿಂದ ಅವನು ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

“ಕಸ್ಟಮರ್ ಇದಾರೆ ರೀ,” ಎಂದಳು ವೇದಾವತಿ. “ಸ್ವಲ್ಪ ಹೊರಗೆ ಕೂತಿರಿ.”